ಗಾಂಜಾದ ಬಾಣಂತನ

ನನ್ನ ಮೊಮ್ಮಗಳು ನಗುವಾಗ ಮೊದಲು ಬಲಗೆನ್ನೆಯೊಂದೇ ನಗುತ್ತದೆ. ಆಮೇಲೆ, ಅಯ್ಯ ಮರೆತೆನಲ್ಲ ಅಂದಂತೆ, ಎಡಗೆನ್ನೆ. ಇದನ್ನು ನಾನು ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿದ್ದೇನೆ. ಕಂಡಕ್ಟರನಿಗೂ ಹೇಳಿದೆ. "ಆಯೀ, ನಗೂದು ಆಮ್ಯಾಲ ಹೇಳೀರಂತ, ಮೊದಲ ಆಧಾರ್ ಕಾರ್ಡ್ ತೋರಿಸ್ರಿ," ಅಂದ. ತೋರಿಸಿ ಮತ್ತೆ ಹೇಳಿದೆ. ಏನು ಮಾಡಲಿ, ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಹಾಲು ಉಕ್ಕಿದ ಹಾಗೆ ಉಕ್ಕುತ್ತದೆ.

ಆದರೆ ಅದೇ ಕೂಸಿನ ಮಾತು ಬಂದಾಗ ನನಗೆ ಹಲ್ಲು ಕಡಿಯುವಷ್ಟು ಸಿಟ್ಟೂ ಬರುತ್ತದೆ. ಅದು ಹುಟ್ಟಿ ಮೊದಲ ಸಲ ನನ್ನ ಮನೆ ಬಾಗಿಲಿಗೆ ಬಂದಾಗ ಒಳಗೆ ಅದಕ್ಕೆ ಜಾಗವಿರಲಿಲ್ಲ. ಅದರ ಜಾಗದಲ್ಲಿ ಗಾಂಜಾ ಇತ್ತು.

ನಮ್ಮ ಮನೆ ತಾಂಬಾದ ಹತ್ತಿರ. ಮಣ್ಣಿನ ಗೋಡೆಯ ಹಳೆಯ ಮನೆ, ಅದರಲ್ಲಿ ಕತ್ತಲ ಕೋಲಿ ಅಂತ ಒಂದೇ ಒಂದು ಒಳಕೋಣೆ. ಒಂದು ಅಂಗೈ ಅಗಲದ ಕಿಟಕಿ, ಹೊರಗೆ ಬಿಸಿಲು ಹಂಚು ಕಾದಂತೆ ಕಾಯಲಿ, ಒಳಗೆ ತಂಪು. ನನ್ನ ನಾದಿನಿಯರ ಬಾಣಂತನವೆಲ್ಲ ಅಲ್ಲಿಯೇ ಆದದ್ದು. ತವರಲ್ಲಿ ನನ್ನ ಅವ್ವ ಇಲ್ಲವಾದ ಮೇಲೆ ನನ್ನ ಎರಡನೆಯ ಬಾಣಂತನವೂ ಅಲ್ಲಿಯೇ. ಅಂದರೆ ಈ ನನ್ನ ಮಗ ಎಣ್ಣೆ ನೀರು ಹಾಕಿಸಿಕೊಂಡು, ಲೋಬಾನದ ಹೊಗೆ ಕುಡಿದು, ಕೈಕಾಲು ಬಡಿದು ಬೆಳೆದದ್ದು ಅದೇ ಕೋಲಿಯಲ್ಲಿ.

ಮಗಳನ್ನು ಮಸೂತಿಗೆ ಕೊಟ್ಟಿದ್ದೇವೆ. ಅಳಿಯ ಆಲಮಟ್ಟಿ ಕಾಲುವೆ ಕೆಲಸದಲ್ಲಿದ್ದಾನೆ. ಏಳು ತಿಂಗಳಾದಾಗ ಹೆರಿಗೆಗೆ ಕರೆದುಕೊಂಡು ಬರಬೇಕು, ನಮ್ಮ ಪದ್ಧತಿ. ಆದರೆ ಡಾಕ್ಟರ್ ಬಾಯಿ, "ಬಸ್ಸು ಜೀಪು ಹತ್ತಿಸಬ್ಯಾಡ್ರಿ, ಹೊಟ್ಟ್ಯಾಗ ನೀರು ಕಡಿಮಿ ಐತಿ," ಅಂದುಬಿಟ್ಟಳು. ಹೀಗಾಗಿ ಹೆರಿಗೆ ಬಾಗೇವಾಡಿ ದವಾಖಾನೆಯಲ್ಲಿ. ಶಿವರಾತ್ರಿ ಮುಗಿದು ಬಿಸಿಲು ಚುರುಕಾಗಿತ್ತು. ಬ್ಯಾನಿ ಸುರುವಾಗಿದೆ ಅಂತ ಫೋನು ಬಂದ ಕೂಡಲೇ ನಾನು ಸೀರೆ ಚೀಲಕ್ಕೆ ತುರುಕಿಕೊಂಡು ಹೊರಟೆ. ಹೊರಡುವ ಮೊದಲು ಕತ್ತಲ ಕೋಲಿ ಸಾರಿಸಿದೆ, ಹೊರಸು ಹಾಕಿದೆ, ಕೌದಿ ಬಿಸಿಲಿಗೆ ಹಾಕಿ ತಂದು ಮಡಚಿಟ್ಟೆ. ಮಗನಿಗೆ ಹೇಳಿದೆ: "ನೀರು ಕಾಸಾಕ ಒಂದಿಷ್ಟು ಕುಳ್ಳು ಒಟ್ಟಿಡು, ಗ್ವಾಡಿಗೆ ಸುಣ್ಣ ಹೊಡಿ. ನಾ ಕೂಸಿನ ಕರಕೊಂಡ ಬರ್ತೇನಿ."

"ಆತು ಹೋಗ ಬೇ, ನಾ ಎಲ್ಲಾ ನೋಡ್ಕೋತೇನಿ," ಅಂದ. ಅವನು ನೋಡಿಕೊಂಡದ್ದು ಏನು ಅಂತ ಮುಂದೆ ಹೇಳುತ್ತೇನೆ.

ಕೂಸು ಹೆಣ್ಣು. ನರ್ಸಮ್ಮ ತಂದು ನನ್ನ ಕೈಗೆ ಕೊಟ್ಟಾಗ ಕಣ್ಣು ಮುಚ್ಚಿಕೊಂಡು ತುಟಿ ಮಾತ್ರ ಜೋರಾಗಿ ಚಪ್ಪರಿಸುತ್ತಿತ್ತು, ಬಂದದ್ದೇ ಊಟ ಎಲ್ಲಿ ಅಂತ ಕೇಳುವವರಂತೆ. ನಾನು ಅಲ್ಲಿದ್ದವರಿಗೆಲ್ಲ ಪೇಡೆ ಹಂಚಿದೆ, ಪಕ್ಕದ ಹಾಸಿಗೆಯವರಿಗೂ, ಕಸ ಹೊಡೆಯುವಾಕಿಗೂ, ಯಾರದೋ ಮನೆಯ ರೋಗಿಗೆ ಬುತ್ತಿ ತಂದವನಿಗೂ.

ಕೂಸಿನ ತೂಕ ಕಡಿಮೆ ಅಂತ ಹದಿನೈದು ದಿನ ಇಟ್ಟುಕೊಂಡರು; ದವಾಖಾನೆಯಿಂದ ಬಿಟ್ಟ ದಿನ ಅಳಿಯ ಜೀಪು ಮಾಡಿಸಿಕೊಟ್ಟ. ಕೂಸಿನ ಮುಖಕ್ಕೆ ಬಿಸಿಗಾಳಿ ಬಡಿಯದಂತೆ ದಾರಿಯುದ್ದಕ್ಕೂ ನನ್ನ ಸೆರಗೇ ಪರದೆ. ಮಟಮಟ ಮಧ್ಯಾಹ್ನ ಮನೆ ಮುಂದೆ ಇಳಿದೆವು. ಕೂಸಿಗೆ ಬಾಗಿಲಲ್ಲಿ ನೀರು, ರೊಟ್ಟಿ ತುಣುಕು ನಿವಾಳಿಸಿ ಒಗೆದೆ. ಪಡಸಾಲೆಗೆ ಕಾಲಿಟ್ಟದ್ದೇ ಮಗಳು ಮೂಗು ಮುಚ್ಚಿಕೊಂಡಳು.

"ಯವ್ವಾ, ಏನ ನಾತಬೇ ಇದು? ಏನರೆ ಸತ್ತೈತೇನು?"

ನನಗೂ ಬಡಿಯಿತು. ಕೊಳೆತ ನಿಂಬೆ, ಹಸಿ ಹುಲ್ಲು, ಅದರ ಮೇಲೆ ಡೀಸೆಲ್ ಸುರಿದ ಹಾಗೆ. ಕತ್ತಲ ಕೋಲಿಗೆ ಕೀಲಿ. ಕೀಲಿಯ ಮುಂದೆ ನನ್ನ ಮಗ, ಬಾಗಿಲಿಗೆ ಬೆನ್ನು ಹಚ್ಚಿ.

"ಅಕ್ಕನ್ನ ಪಡಸಾಲ್ಯಾಗ ಮಲಗಸಬೇ. ಒಳಗ ನಿಂಬಿಹಣ್ಣು ಒಣಗಾಕ ಹಾಕೇನಿ."

"ಇಂಡಿ ತಾಲೂಕಿನಾಗ ಹುಟ್ಟಿ ನಿಂಬಿಹಣ್ಣು ಕತ್ತಲಾಗ ಒಣಗಸ್ತಿ ಏನೋ? ಹೊರಗ ಬಿಸಿಲಿಗೇನ ಬರಗಾಲ ಬಿದ್ದೈತಿ? ಚಾವಿ ಕೊಡು."

"ನಾಳೆ ತಗೀತೇನಿ. ಇವತ್ತ ಬ್ಯಾಡ."

"ಬಾಣಂತಿ ನಿಂತಾಳೋ! ನಿನ್ನ ಅಕ್ಕ ಕಂಬಾ ಹಿಡಕೊಂಡು ನಿಂತಾಳ, ನೋಡು!"

ಚಾವಿ ಅವನ ಉಡದಾರದಲ್ಲಿತ್ತು. ನಾನೇ ಕೈ ಹಾಕಿ ಕಿತ್ತೆ. ಉಡದಾರ ಕಟ್ಟಿದಾಕಿಯೇ ನಾನು, ನನಗೆಂಥ ನಾಚಿಕೆ?

ಬಾಗಿಲು ತೆಗೆದರೆ, ದೇವರೇ. ಹೊರಸನ್ನು ಗೋಡೆಗೆ ಎತ್ತಿ ನಿಲ್ಲಿಸಿದ್ದ. ತೊಟ್ಟಿಲು ಕಟ್ಟುವ ಕೊಂಡಿಯಿಂದ ಗೋಡೆಗೆ ತಂತಿ ಬಿಗಿದು, ತಂತಿ ತುಂಬ ಗಾಂಜಾ ಗಿಡ ತಲೆಕೆಳಗಾಗಿ ತೂಗುಹಾಕಿದ್ದ. ಕಿಟಕಿಗೆ ಒದ್ದೆ ಗೋಣಿಚೀಲ. ನೆಲದಲ್ಲಿ ನಾನು ಸಾರಿಸಿದ ಸಗಣಿಯ ಮೇಲೆ ಅಗಲ ಬೋಗುಣಿಗಳಲ್ಲಿ ನೀರು. ಮೂಲೆಯಲ್ಲಿ ನನ್ನ ಅವ್ವ ಕೊಟ್ಟ ಉಪ್ಪಿನಕಾಯಿಯ ಭರಣಿಗಳು. ಬಾಣಂತಿಗೆ ಕೊಬ್ಬರಿ ಖಾರ ಕುಟ್ಟಿ ತುಂಬಿಡಬೇಕು ಅಂತ ತೊಳೆದು ಒರೆಸಿ ಇಟ್ಟು ಹೋಗಿದ್ದೆ. ಅವುಗಳಲ್ಲಿಯೂ ಅದೇ, ಒಣಗಿದ್ದು, ಒತ್ತೊತ್ತಿ ತುಂಬಿ. ನಾನೊಂದು ಮುಚ್ಚಳಕ್ಕೆ ಕೈ ಹಾಕಿದೆ, ಅವನು ಹಾರಿ ಬಂದ.

"ತಗೀಬ್ಯಾಡಬೇ! ಮುಂಜಾನಿ ಒಮ್ಮಿ ತಗದು ಗಾಳಿ ಆಡಿಸೇನಿ. ಮ್ಯಾಲಿಂದ ಮ್ಯಾಲ ಗಾಳಿ ಬಡದ್ರ ಕೆಡತೈತಿ!"

ಗಾಳಿ ಬಡಿದರೆ ಕೆಡುತ್ತದಂತೆ! ಹಸಿ ಕೂಸು ಹೊರಗೆ ಬಿಸಿಗಾಳಿಯಲ್ಲಿ ಕಿರುಚುತ್ತಿದೆ, ಇವನಿಗೆ ಭರಣಿಯೊಳಗಿನದಕ್ಕೆ ಗಾಳಿ ಬಡಿಯಬಾರದು.

ನನ್ನ ಕೂಗು ಕೇಳಿ ಪಕ್ಕದ ಮನೆಯ ಚಾಚಿ ಓಡಿ ಬಂದಳು. ನನಗಿಂತ ಹಿರಿಯಳು, ಓಣಿಗೆಲ್ಲ ಚಾಚಿಯೇ. ಒಂದೇ ಸಲ ಒಳಗೆ ಇಣುಕಿದಳು, ಎಲ್ಲ ತಿಳಿಯಿತು. ಮಗಳ ಕೈಯಿಂದ ಕೂಸನ್ನು ಇಸಿದುಕೊಂಡಳು.

"ತಂಗೀ, ಹುಡುಗೀನ ನಮ್ಮನಿಗೆ ಒಯ್ತೇನಿ. ನಮ್ಮ ಒಳಗಿನ ಕೋಲಿ ಖಾಲಿ ಐತಿ. ನೀ ಆಮ್ಯಾಲ ಬೈಯಿ. ಇಂವಾ ಎಲ್ಲಿಗಿ ಓಡತಾನ, ಬೈಗುಳ ಎಲ್ಲಿಗಿ ಓಡತಾವ?"

ಮಗಳು ಅವಳ ಹಿಂದೆ ಹೋದಳು. ತವರುಮನೆಯ ಹೊಸ್ತಿಲು ದಾಟಿ ಬಂದವಳು ಹಾಗೇ ತಿರುಗಿ ಹೊಸ್ತಿಲು ದಾಟಿದಳು. 

ಆಮೇಲೆ ಬೈದೆ. ಬೈಯುತ್ತ ಬೈಯುತ್ತ ಅವನಿಂದ ಎಲ್ಲ ಹೊರಗೆ ಬಂತು. ಕಬ್ಬಿನ ನಡುವೆ ಬೆಳೆದಿದ್ದ. ಮೊದಲು ಕೊಯ್ದದ್ದನ್ನು ಹೊಲದ ತಗಡಿನ ಶೆಡ್ಡಿನಲ್ಲಿ ಹಾಕಿದನಂತೆ. ನಮ್ಮ ಬಿಸಿಲು ಕೇಳಬೇಕೇ, ಹೊರಗೆ ಹಸಿರು ಅನ್ನುವಷ್ಟರಲ್ಲಿ ಒಳಗೆ ಹಪ್ಪಳ. ಮುಟ್ಟಿದರೆ ಪುಡಿ, ಬಣ್ಣ ಹೋಗಿ ಒಣಹುಲ್ಲಿನಂತಾಯಿತಂತೆ. ಗಿರಾಕಿ ಮೂಸಿ ನೋಡಿ, "ಇದು ದನಕ್ಕ ಹಾಕು," ಅಂದನಂತೆ. ಫೋನಿನಲ್ಲಿ ಯಾವನೋ ತಂಪು ದೇಶದವನು ಕಲಿಸಿಕೊಟ್ಟ: ಕತ್ತಲು ಬೇಕು, ತಂಪು ಬೇಕು, ಸಾವಕಾಶ ಒಣಗಬೇಕು, ಆಮೇಲೆ ಭರಣಿಯಲ್ಲಿ ಮುಚ್ಚಿ ದಿನಾ ಸ್ವಲ್ಪ ಉಸಿರಾಡಿಸಬೇಕು. ಇಂಡಿ ತಾಲೂಕಿನ ಬಿಸಿಲಲ್ಲಿ ಅಂಥ ಜಾಗ ಎಲ್ಲಿದೆ ಅಂತ ಹುಡುಕಿದ. ಅವ್ವ ಬಾಗೇವಾಡಿಗೆ ಹೋದಳು, ಕೋಲಿ ಸಿಕ್ಕಿತು.

ಉಣ್ಣಲು ಇಲ್ಲದೆ ಮಾಡಿದ್ದರೆ ನಾನೇ ಕಣ್ಣು ಮುಚ್ಚುತ್ತಿದ್ದೆನೋ ಏನೋ. ಆದರೆ ನಮ್ಮ ಹೊಲಕ್ಕೆ ಕಾಲುವೆ ನೀರಿದೆ. ಕಬ್ಬಿದೆ, ಗೋದಿ ಇದೆ, ಹಿತ್ತಲಲ್ಲಿ ಎರಡು ಎಮ್ಮೆ. ಅವನಿಗೆ ಬೇಕಾದದ್ದು ಸಿಂದಗಿಯಲ್ಲಿ ಕಂಡ ಯಾವುದೋ ದೊಡ್ಡ ಸದ್ದಿನ ಗಾಡಿ.

ನನ್ನನ್ನು ಸುಟ್ಟದ್ದು ಪೊಲೀಸರ ಹೆದರಿಕೆ ಅಷ್ಟೇ ಅಲ್ಲ. ಹುಟ್ಟಿದಾಗಿನಿಂದ ಒಂದು ಕೊಡ ನೀರು ತುಂಬಿ ಕೊಡದವನು ದಿನಕ್ಕೆ ಹತ್ತು ಸಲ ಗೋಣಿ ತೋಯಿಸಿದ್ದಾನೆ! ಮಲಗಿ ಎದ್ದವನು ಹಾಸಿಗೆ ಸುತ್ತದವನು ಒಂದೊಂದು ಎಲೆ ಚಿವುಟಿ ಹಸನು ಮಾಡಿದ್ದಾನೆ! ಒಳಗೆ ಬೆಳಕು ಬೀಳದಂತೆ, ಜೋರು ಗಾಳಿ ಬಡಿಯದಂತೆ, ಹೊತ್ತಿಗೆ ಸರಿಯಾಗಿ ಮುಚ್ಚಳ ತೆಗೆದು ಹಾಕಿ.

"ಗಾಂಜಾದ ಬಾಣಂತನ ಮಾಡೀಯಲ್ಲೋ," ಅಂದೆ. "ನಿನ್ನ ಅಕ್ಕಗ ಒಂದು ಕುಳ್ಳು ಒಟ್ಟಲಿಲ್ಲ. ಇದರ ಬಾಣಂತನ ಮಾಡೀದಿ."

ನಕ್ಕುಬಿಟ್ಟ. ಆ ನಗು ನನ್ನ ಕೈಗೆ ಬಲ ಕೊಟ್ಟಿತು ನೋಡ್ರಿ. ತಂತಿ ಕಿತ್ತೆ. ಇದ್ದಬದ್ದದ್ದೆಲ್ಲ ಎಳೆದುಕೊಂಡು ಹಿತ್ತಲ ತಿಪ್ಪೆಗೆ. ಭರಣಿಗಳನ್ನೂ ಅಲ್ಲಿಯೇ ಬೋರಲು ಹಾಕಿದೆ. ಸುಡಲಿಲ್ಲ, ಸುಟ್ಟರೆ ಊರಿಗೆಲ್ಲ ಹೊಗೆ, ಕೂಸಿಗೂ ಹೊಗೆ. ಎಮ್ಮೆಯ ಗಂಜಳ, ಸಗಣಿ ಕಲಸಿದ ನೀರು, ಕೊಡದ ಮೇಲೆ ಕೊಡ ಸುರಿದೆ. ಒಣಗಲಿ ಅಂತ ಅವನು ಪಟ್ಟ ಪಾಡೆಲ್ಲ ರಾಡಿಯಲ್ಲಿ ಮುಳುಗಿತು. ಸಲಿಕೆಯಿಂದ ಮೇಲೆ ಕೆಳಗೆ ಮಾಡಿದೆ.

"ಗಿರಾಕಿ ಬಂದ್ರ ನಾ ಏನ ಹೇಳ್ಲಿಬೇ?" ಮಗ ತಲೆ ಹಿಡಿದು ಕೂತ.

"ಬಾಣಂತನ ಮುಗೀತು ಅಂತ ಹೇಳು. ನಂಬಲಿಲ್ಲಂದ್ರ ನನ್ನ ಕಡೆ ಕಳಸು, ಈ ಸಲಿಕಿ ಇನ್ನೂ ಗಟ್ಟಿ ಐತಿ."

ಗಿರಾಕಿ ಬಂದ. ತಿಪ್ಪೆ ನೋಡಿದ, ನನ್ನನ್ನು ನೋಡಿದ, ಹೋದ.

ಆದರೆ ನಾತ ಹೋಗಲಿಲ್ಲ. ಮಣ್ಣಿನ ಗೋಡೆ ಅದನ್ನು ಕುಡಿದಿತ್ತು. ಸುಣ್ಣ ಹೊಡೆದೆ, ಸಾರಿಸಿದೆ, ಬೇವಿನ ಸೊಪ್ಪು ಸುಟ್ಟೆ, ಊದು ಹಾಕಿದೆ. ಮುಂಜಾನೆ ಬಾಗಿಲು ತೆಗೆದರೆ ಮತ್ತೆ ಅದೇ. ಅಂಥದರಲ್ಲಿ ಹಸಿ ಕೂಸನ್ನು ಹೇಗೆ ಮಲಗಿಸಲಿ? ಹೀಗಾಗಿ ನನ್ನ ಮೊದಲ ಮೊಮ್ಮಗಳ ಬಾಣಂತನ ಪಕ್ಕದ ಮನೆಯಲ್ಲಿ ನಡೆಯಿತು. ಎಣ್ಣೆ ನಮ್ಮದು, ಬಚ್ಚಲು ಚಾಚಿಯದು. ಅಂಟಿನುಂಡಿ ನಮ್ಮದು, ಬೆಂಕಿ ಚಾಚಿಯದು. ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಹೊಯ್ದರೆ ಕೂಸು ಮೊದಲು ಅರಚುವುದು, ಆಮೇಲೆ ಮೈ ಸಡಿಲ ಬಿಟ್ಟು ದೊಡ್ಡವರ ಹಾಗೆ ಆಕಳಿಸುವುದು. ಚಾಚಿ, "ನೋಡಬೇ, ಸಾಹುಕಾರ್ತಿ ಹೆಂಗ ಹಾಯಾಗಿ ಕಾಲು ಚಾಚ್ಯಾಳ," ಅನ್ನುವಳು. ನಾನು ನಗುತ್ತಿದ್ದೆ. ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದೆ. ಗೋಡೆಯ ಆಚೆ ನನ್ನ ಸ್ವಂತ ಮನೆ, ಸ್ವಂತ ಬಚ್ಚಲು.

ತೊಟ್ಟಿಲಿಗೆ ಹಾಕುವ ದಿನವೂ ಚಾಚಿಯ ಪಡಸಾಲೆಯೇ. ಮಸೂತಿಯಿಂದ ಬೀಗತಿ ಬಂದರು, ಸುತ್ತ ನೋಡಿದರು. "ಯಾಕ್ರಿ, ನಿಮ್ಮ ಮನಿ ಬಿದ್ದೈತೇನ್ರಿ?" ಅಂದರು. ನಾನು ಗೋಡೆ ರಿಪೇರಿ ಅಂದೆ. ಅವರಿಗೆ ಮೂಗಿಲ್ಲವೇ? ಸೆರಗು ಮೂಗಿಗೆ ಹಿಡಿದುಕೊಂಡೇ ತೊಟ್ಟಿಲು ತೂಗಿದರು. ಅದಕ್ಕಿಂತ ನಾಲ್ಕು ಮಾತು ಅಂದಿದ್ದರೆ ಚಲೋ ಇತ್ತು.

ಕಟ್ಟೆಯ ಮೇಲೆ ಕೂತ ಗಂಡಸರು ನನಗೇ ಬುದ್ಧಿ ಹೇಳಿದರು. "ಹುಡುಗ ಐತಿ, ಬಿಡ್ರಿ. ಸಾಧು ಸಂತರು ಸೇದ್ತಾರ, ಅದೇನ ಪಾಪದ ಸೊಪ್ಪಲ್ಲ."

"ಹಂಗಾರ ನಿಮ್ಮನಿ ಬಾಣಂತಿ ಕೋಲ್ಯಾಗ ಕಟ್ಟಸ್ಕೋರಿ," ಅಂದೆ.

ಮಗ ಅಷ್ಟೂ ದಿನ ಚಾಚಿಯ ಬಾಗಿಲ ತನಕ ಬರುತ್ತಿದ್ದ, ನಿಲ್ಲುತ್ತಿದ್ದ. ಕೂಸನ್ನು ನಾನು ಕೊಡಲಿಲ್ಲ. "ಗ್ವಾಡಿ ಕೆತ್ತು ಮೊದಲ," ಅಂದೆ. ಕೆತ್ತಿದ, ಅದನ್ನು ಹೇಳಲೇಬೇಕು. ನಾಲ್ಕೂ ಗೋಡೆಯ ಹಳೆಯ ಗಿಲಾವು ಕೆತ್ತಿ ಬುಟ್ಟಿಯಲ್ಲಿ ಹೊತ್ತು ಊರ ಹೊರಗೆ ಚೆಲ್ಲಿದ, ಹೊಸ ಮಣ್ಣು ತಂದು ಹೊಟ್ಟು ಕಲಸಿ ತುಳಿದು ಹಚ್ಚಿದ. ಅದು ಒಣಗುವ ಹೊತ್ತಿಗೆ ಮಗಳು ಗಂಡನ ಮನೆಗೆ ಹೊರಡುವ ದಿನ ಬಂತು.

ಉಡಿ ತುಂಬುವುದನ್ನಾದರೂ ನನ್ನ ಮನೆಯಲ್ಲಿಯೇ ಮಾಡುತ್ತೇನೆ ಅಂತ ಹಟ ಹಿಡಿದೆ. ಕತ್ತಲ ಕೋಲಿಯಲ್ಲಿ ಮಣೆ ಹಾಕಿದೆ. ಹೊಸ ಮಣ್ಣಿನ ವಾಸನೆ, ಬೇರೇನೂ ಇಲ್ಲ. ಕೂಸು ಅವ್ವನ ತೊಡೆಯ ಮೇಲೆ ಮಲಗಿ ಜಂತಿ ನೋಡುತ್ತ ಏನೋ ಮಾತಾಡಿಕೊಳ್ಳುತ್ತಿತ್ತು. ನನ್ನ ಎದೆ ಇಷ್ಟಗಲವಾಯಿತು. ಆಗ ಮಗ ಬಾಗಿಲಲ್ಲಿ ನಿಂತು ಕೇಳಿದ:

"ಈಗರೆ ಎತ್ಕೊಳ್ಲೇನಬೇ?"

"ನನ್ನ ಕೇಳಬ್ಯಾಡ. ಅದರ ಅವ್ವನ್ನ ಕೇಳು."

ಮಗಳು ತಲೆ ಎತ್ತಿದಳು. ಅಷ್ಟು ದಿನ ತಮ್ಮನಿಗೆ ಒಂದು ಕೆಟ್ಟ ಮಾತು ಆಡಿದವಳಲ್ಲ. ಮೆತ್ತಗೆ ಕೇಳಿದಳು: "ಎತ್ಕೊಳ್ಳುವಂತಿ ತಮ್ಮಾ, ಒಂದ ಮಾತು ಹೇಳು. ಈ ವರ್ಷ ಮತ್ತ ಬಿತ್ತತೀ?"

ನಾನು ಕಾಯ್ದೆ. ಇಲ್ಲ ಅನ್ನುತ್ತಾನೆ, ಇನ್ನೇನು ಇಲ್ಲ ಅನ್ನುತ್ತಾನೆ ಅಂತ. ಅವನು ಕೂಸನ್ನು ನೋಡಿದ. ಹೊಸ ಗೋಡೆ ನೋಡಿದ. "ಜೀಪ ಬಂದೈತಿ ನೋಡ," ಅಂದ.

ಮಗಳು ಸೆರಗು ಹೊದೆಸಿ ಕೂಸನ್ನು ಎತ್ತಿಕೊಂಡು ಎದ್ದಳು. "ಮತ್ತ ಈ ಮನಿಗೆ ತರೂದಿಲ್ಲಬೇ, ಇಂವಾ ಬಾಯಿ ಬಿಟ್ಟು ಬಿತ್ತೂದಿಲ್ಲ ಅನ್ನೂತನಕ," ಅಂದಳು. ನನಗೆ ಅಂದದ್ದಲ್ಲ ಅದು, ಆದರೆ ಬಡಿದದ್ದು ನನಗೇ.

ಗೋಡೆ ಕೆತ್ತುವ ರಟ್ಟೆ ಇದೆ, ಒಂದು ಮಾತು ಆಡುವ ನಾಲಿಗೆ ಇಲ್ಲ! ಕೂಸಿನ ಹುಟ್ಟುಗೂದಲ ಜವಳ ತೆಗೆಸುವ ದಿನ ಹತ್ತಿರ ಬಂದಿದೆ. ಕೂಸು ಕೂರಬೇಕಾದದ್ದು ಸೋದರಮಾವನ ತೊಡೆಯ ಮೇಲೆ. ಮಸೂತಿಯಲ್ಲಿ ಬೀಗತಿ ಆಗಲೇ ತಮ್ಮ ತಂಗಿಯ ಮಗನನ್ನು ಕೂಡಿಸುವ ಮಾತಾಡುತ್ತಿದ್ದಾರೆ.

ನಾನೇ ಬಸ್ಸು ಹತ್ತಿ ಹೋಗಿ ನೋಡಿ ಬರುತ್ತೇನೆ. ಹೋದಾಗಲೆಲ್ಲ ಮಗನ ಫೋನು ಬರುತ್ತದೆ. "ಕೂಸು ಏನ ಮಾಡಾಕತ್ತೈತಿಬೇ?" ಅಂತಾನೆ. ಹೇಳಬಾರದು ಅಂದುಕೊಂಡಿರುತ್ತೇನೆ, ಬಾಯಿ ಕೇಳುವುದಿಲ್ಲ. ಗೋಡೆ ಹಿಡಿದು ನಿಂತಿತು, ಬೆಕ್ಕಿಗೆ ಬಾ ಬಾ ಅಂದಿತು, ರೊಟ್ಟಿ ಚೂರು ಕಸಿದುಕೊಂಡು ನನ್ನ ಬಾಯಿಗೇ ತುರುಕಿತು, ಒಂದೂ ಬಿಡದೆ ಹೇಳುತ್ತೇನೆ. ಅವನು ಆಚೆ ಕಡೆ ನಗುತ್ತಾನೆ.

ಆಮೇಲೆ ನಾನು ಕೇಳುತ್ತೇನೆ: "ಮತ್ತ ಏನರೆ ಹೇಳೂದೈತೇನು?"

"ಏನಿಲ್ಲಬೇ. ಕಬ್ಬಿಗೆ ನೀರ ಬಿಟ್ಟೇನಿ. ಇಡ್ತೇನಿ."