ಮುಂಡಪ್ಪಣ್ಣನ ತೆಂಗಿನೆಣ್ಣೆ

ಠಾಣೆಯಿಂದ ಕಲ್ಯಾಣದವರೆಗೆ ಯಾವ ಉಡುಪಿ ಹೋಟೆಲಿನ ಗ್ರೈಂಡರ್ ನಿಂತರೂ ಮೊದಲ ಫೋನು ಹೋಗುತ್ತಿದ್ದದ್ದು ಮುಂಡಪ್ಪಣ್ಣನಿಗೆ. ಇಡ್ಲಿಗೆ ಹಿಟ್ಟು ರುಬ್ಬುವ ಹೊತ್ತಿಗೆ ಕಲ್ಲು ತಿರುಗದೆ ಹೋದರೆ ಹೋಟೆಲಿನವರಿಗೆ ಆಕಾಶವೇ ತಲೆಯ ಮೇಲೆ ಬಿದ್ದ ಹಾಗೆ. ಮುಂಡಪ್ಪಣ್ಣ ಲೋಕಲ್ ಹಿಡಿದು ಬರುತ್ತಿದ್ದ, ಚಪ್ಪಲಿ ಹೊರಗೆ ಬಿಡುತ್ತಿದ್ದ, ಮೋಟಾರಿಗೆ ಕಿವಿಯಿಟ್ಟು ಕೇಳುತ್ತಿದ್ದ. ಆಮೇಲೆ "ಇದು ಎಂತ ದೊಡ್ಡ ವಿಷಯ ಮಾರಾಯ" ಅನ್ನುತ್ತಿದ್ದ. ಆ ಒಂದು ಮಾತು ಕೇಳಿದರೆ ಮಾಲೀಕನಿಗೆ ಅರ್ಧ ರಿಪೇರಿ ಆದಷ್ಟು ಸಮಾಧಾನ.

ಹದಿನಾರರ ಪ್ರಾಯದಲ್ಲಿ ಶಿರ್ವದಿಂದ ಬಂದವನು ಈಗ ಐವತ್ತನಾಲ್ಕು ದಾಟಿದ್ದ. ಠಾಕುರ್ಲಿಯಲ್ಲಿ ಒಂದು ಸಣ್ಣ ಗಾಳಾ, ಅಂದರೆ ಅಂಗಡಿಕೋಣೆ, ಅದರ ತುಂಬ ಬಿಚ್ಚಿಟ್ಟ ಮೋಟಾರುಗಳು. ಮಿಕ್ಸರ್ ತಂದರೂ ಸೈ, ಫ್ರಿಜ್ಜು ತಂದರೂ ಸೈ, ಭಜನಾ ಮಂಡಳಿಯವರು ಹಾರ್ಮೋನಿಯಂ ತಂದಾಗಲೂ ಅವನು ಬೇಡವೆನ್ನಲಿಲ್ಲ. "ಬಿಚ್ಚಿದರೆ ತಾನಾಗಿ ಗೊತ್ತಾಗುತ್ತದೆ" ಎಂಬುದು ಅವನ ವೇದ. ‘ಗೊತ್ತಿಲ್ಲ’ ಎಂಬ ಮಾತನ್ನು ಅವನ ಬಾಯಿಂದ ಆ ಊರಿನಲ್ಲಿ ಯಾರೂ ಕೇಳಿರಲಿಲ್ಲ. ಬಿಚ್ಚಿದ್ದರಲ್ಲಿ ಬಹುಪಾಲು ಅವನಿಗೆ ಗೊತ್ತಾಗುತ್ತಲೂ ಇತ್ತು. ಅದೇ ಕೇಡಿಗೆ ಬಂತು.

ಅವನ ಸಾಮಾನಿನ ಚೀಲದಲ್ಲಿ ಬೋಲ್ಟು ತಿರುಗಿಸುವ ಪಾನಾಗಳ ಜೊತೆ ಒಂದು ಬಾಟಲಿ ತೆಂಗಿನೆಣ್ಣೆ ಸದಾ ಇರುತ್ತಿತ್ತು. ಊರಿನ ಗಾಣದ್ದು. ಗ್ರೈಂಡರಿಗೆ ಗ್ರೀಸು ಹಾಕಿದರೆ ಅದು ಹಿಟ್ಟಿಗೆ ಸೇರುತ್ತದೆ, ದೋಸೆ ತಿಂದವನ ಹೊಟ್ಟೆ ಕೆಡುತ್ತದೆ. ಅದಕ್ಕಾಗಿ ಮುಂಡಪ್ಪಣ್ಣ ರಬ್ಬರಿನ ಸೀಲುಗಳನ್ನೆಲ್ಲ ಹಿಂದಿನ ದಿನವೇ ಒಂದು ಬಟ್ಟಲು ತೆಂಗಿನೆಣ್ಣೆಯಲ್ಲಿ, ಉದ್ದು ನೆನೆಹಾಕಿದ ಹಾಗೆ ನೆನೆಹಾಕುತ್ತಿದ್ದ. ರಬ್ಬರು ಮೆತ್ತಗಾಗಿ ಬಿಗಿಯಾಗಿ ಕೂರುತ್ತಿತ್ತು, ಹಿಟ್ಟಿಗೂ ಬಾಧೆಯಿರಲಿಲ್ಲ. ಹೀಗೆ ಕೂರಿಸಿದ ಒಂದು ಸೀಲೂ ಸೋರಿ ವಾಪಸು ಬಂದದ್ದಿಲ್ಲ.

ಮದುವೆಯ ಗೊಡವೆಗೆ ಹೋಗದ ಮುಂಡಪ್ಪಣ್ಣ ಡೊಂಬಿವಲಿಯಲ್ಲಿ ತಂಗಿ ಜಯಲತಾಳ ಮನೆಯಲ್ಲೇ ಇದ್ದ. ಅವಳ ಗಂಡ ತಾರಾನಾಥ ಕಲ್ಯಾಣದ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದವನು. ಎಂಟು ವರ್ಷದ ಹಿಂದೆ ಶೀಳ್ ರಸ್ತೆಯಲ್ಲಿ ಅವನು ಸ್ಕೂಟರ್ ನಿಲ್ಲಿಸಿಕೊಂಡು ಸಿಗ್ನಲ್ಲಿಗೆ ಕಾಯುತ್ತಿದ್ದಾಗ, ಬ್ರೇಕು ಹೋದ ಟೆಂಪೋ ಒಂದು ಹಿಂದಿನಿಂದ ಬಂತು. ಅಂದಿನಿಂದ ಆ ಮನೆಯಲ್ಲಿ ‘ಬ್ರೇಕು’ ಎಂಬ ಶಬ್ದವನ್ನು ಯಾರೂ ಸುಮ್ಮಸುಮ್ಮನೆ ಆಡುವುದಿಲ್ಲ. ನಮ್ಮ ತುಳುನಾಡಿನವರಲ್ಲಿ ಅಳಿಯನ ಮೇಲೆ ಸೋದರಮಾವನಿಗೆ ಮೊದಲೇ ಹಕ್ಕು ಹೆಚ್ಚು, ಹೊಣೆಯೂ ಹೆಚ್ಚು. ಜಯಲತಾಳ ಒಬ್ಬನೇ ಮಗ, ಅಪ್ಪನಿಲ್ಲದ ಸುಜನನಿಗೆ ಮುಂಡಪ್ಪಣ್ಣನೇ ಎಲ್ಲ ಆದ.

ಈ ಸುಜನ ಓದಿ ಇಂಜಿನಿಯರಾಗಿ ಅಂಬರನಾಥದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. ಸೇರಿದವನು ತೆಪ್ಪಗಿರಬೇಕೋ ಬೇಡವೋ? ಗೆಳೆಯ ಹಿತೇಶನ ಜೊತೆಗೂಡಿ ರೇಸಿಗೆಂದು ಒಂದು ಕಾರು ಕಟ್ಟಿದ. ಹಳೆಯ ಸಣ್ಣ ಕಾರೊಂದರ ಇಂಜಿನ್ನು, ಪೈಪು ಬೆಸೆದ ಹಂದರ, ಮೇಲೆ ಕೆಂಪು ಬಣ್ಣದ ಫೈಬರಿನ ಹೊದಿಕೆ. ಸೂರಿಲ್ಲ, ಬಾಗಿಲಿಲ್ಲ. ಕೂತರೆ ಕುಂಡೆಗೂ ರಸ್ತೆಗೂ ಒಂದು ಗೇಣು. ಎಷ್ಟು ಹಗುರವೆಂದರೆ ಒಬ್ಬನೇ ಒಂದು ಕೈಯಲ್ಲಿ ತಳ್ಳಿಕೊಂಡು ಹೋಗಬಹುದು. ಎರಡು ಸಾವಿರದ ಹನ್ನೊಂದರ ಫೆಬ್ರವರಿಯಲ್ಲಿ, ಸೀವುಡ್ಸಿನಾಚೆ ಹಿನ್ನೀರಿನ ಖಾಡಿಯ ಕಡೆ, ರಸ್ತೆ ಹಾಕಿ ಕಟ್ಟಡ ಏಳದೆ ಬಿದ್ದಿದ್ದ ಬಯಲಿನಲ್ಲಿ ಕ್ಲಬ್ಬೊಂದು ಶನಿವಾರ–ಭಾನುವಾರ ರೇಸು ಇಟ್ಟಿತ್ತು. ಸುಜನ ಹೆಸರು ಕೊಟ್ಟು ಬಂದ.

ಜಯಲತಾ ಅಳಲಿಲ್ಲ, ಕೂಗಾಡಲಿಲ್ಲ. ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಅಣ್ಣನಿಗೆ ಚಾ ತಂದಿಟ್ಟು ತುಳುವಿನಲ್ಲಿ ಹೇಳಿದಳು: "ಹೋಗ್ತೇನೆ ಅಂತಾನೆ, ಹೋಗಲಿ. ಕಟ್ಟಿ ಹಾಕಲಿಕ್ಕೆ ಅವನೇನು ಕರುವಾ? ಆದರೆ ಅಣ್ಣ, ಆ ಗಾಡಿಯ ಬ್ರೇಕ್ ನಿನ್ನ ಕೈಯಲ್ಲೇ ಆಗಬೇಕು. ಬೇರೆ ಯಾರೂ ಮುಟ್ಟಬಾರದು. ನೀನು ಮಾಡಿದ್ದು ಅಂದರೆ ಮಾತ್ರ ನಾನು ಕಳಿಸುದು."

ಮುಂಡಪ್ಪಣ್ಣ ಆವರೆಗೆ ಕಾರಿನ ಬ್ರೇಕು ಬಿಚ್ಚಿದವನಲ್ಲ. ಅದನ್ನು ಹೇಳಲು ಬಾಯಿ ತೆರೆದದ್ದೂ ಹೌದು. ಆದರೆ ತಂಗಿ ಅವನ ಮುಖವನ್ನೇ ನೋಡುತ್ತಿದ್ದಳು. ಹೊರಗೆ ಬಂದದ್ದು ಹಳೆಯ ಮಾತೇ: "ಇದು ಎಂತ ದೊಡ್ಡ ವಿಷಯ ಮಾರಾಯ್ತಿ."

ರೇಸಿಗೆ ನಾಲ್ಕು ದಿನವಿರುವಾಗ ಬ್ರೇಕಿನ ಮಾಸ್ಟರ್ ಸಿಲಿಂಡರ್ ಸೋರತೊಡಗಿತು. ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ನಾಲ್ಕು ಗಾಲಿಗೂ ದೂಡುವ ಭಾಗ ಅದು. "ಕಲ್ಯಾಣದಲ್ಲಿ ಜಟ್ಟೆಪ್ಪ ಅಂತ ಇದ್ದಾರೆ, ಬ್ರೇಕ್ ಕೆಲಸದಲ್ಲೇ ತಲೆ ನರೆತದ್ದು. ಅವರಿಗೇ ಕೊಡೋಣ್ವಾ?" ಎಂದ ಹಿತೇಶ. ಮುಂಡಪ್ಪಣ್ಣನಿಗೆ ಮೈ ಉರಿಯಿತು. ಸಿಲಿಂಡರನ್ನು ಗಾಳಾಕ್ಕೆ ತಂದು ತಾನೇ ಬಿಚ್ಚಿದ. ನೋಡಿದರೆ ಒಳಗೆ ಅದೇ ಉರುಟು ರಬ್ಬರು, ಅದೇ ಸ್ಪ್ರಿಂಗು. ಇಷ್ಟಕ್ಕೇನಾ ಎಂದು ನಗು ಬಂತು. ಹೊಸ ರಬ್ಬರು ತಂದು ಬಟ್ಟಲಿನ ತೆಂಗಿನೆಣ್ಣೆಯಲ್ಲಿ ಮುಳುಗಿಸಿಟ್ಟ. ತಂಗಿಯ ಮಗನದಲ್ಲವೇ ಎಂದು ಗ್ರೈಂಡರಿಗಿಂತ ಒಂದು ದಿನ ಹೆಚ್ಚೇ ನೆನೆಸಿದ.

ಶನಿವಾರದ ಅಭ್ಯಾಸದಲ್ಲಿ ಎರಡು ಸುತ್ತು ಮುಗಿಸಿ ಬಂದ ಸುಜನ ಹೆಲ್ಮೆಟ್ಟು ಎತ್ತಿ ಹೇಳಿದ: "ಮಾಮ, ಪೆಡಲ್ ಥೋಡಾ ಟೈಟ್ ಆಗ್ತಾ ಇದೆ."

"ಹೊಸ ರಬ್ಬರ್ ಅಲ್ವಾ, ಕೂರ್ಲಿಕ್ಕೆ ಟೈಮ್ ಬೇಕು" ಅಂದ ಮುಂಡಪ್ಪಣ್ಣ. ಅಂದವನಿಗೇ ಎದೆಯಲ್ಲಿ ಏನೋ ಕುಟುಕಿತು. ಗ್ರೈಂಡರಿನ ಸೀಲು ದಿನಹೋದಂತೆ ಸಡಿಲವಾಗುತ್ತದೆ, ಬಿಗಿಯಾಗುವುದಿಲ್ಲ. ಇದೇಕೆ ಹೀಗೆ? ಕೇಳೋಣವೆಂದರೆ ಯಾರನ್ನು? ಕೇಳಿದರೆ ಗೊತ್ತಿಲ್ಲವೆಂದು ಒಪ್ಪಿಕೊಂಡ ಹಾಗೆ. ಪೆಡಲಿನ ಸರಳನ್ನು ಒಂದು ಸುತ್ತು ಸಡಿಲಿಸಿ ಸುಮ್ಮನಾದ. ಮನೆಗೆ ಬಂದಮೇಲೆ ಜಯಲತಾ "ಬ್ರೇಕ್ ಸರಿ ಉಂಟಲ್ಲ?" ಎಂದು ಕೇಳಿದಾಗ ಬರೀ ತಲೆಯಾಡಿಸಿದ.

ಭಾನುವಾರ ಮಧ್ಯಾಹ್ನ ರೇಸಿಗೆಂದು ಕಾರನ್ನು ಡೇರೆಯಿಂದ ಹೊರಗೆ ತಳ್ಳುವಾಗ ಅವನ ಹೆದರಿಕೆಗೆ ಕೈಕಾಲು ಬಂತು. ವಾರದ ಹಿಂದೆ ಒಂದು ಕೈಗೆ ಉರುಳುತ್ತಿದ್ದ ಕಾರು ಈಗ ಅವನೂ ಹಿತೇಶನೂ ಸೇರಿ ಭುಜ ಕೊಟ್ಟರೂ ಒಲ್ಲೆ ಎನ್ನುತ್ತಿತ್ತು. ಬೆಳಗ್ಗಿನ ಸುತ್ತುಗಳು ಮುಗಿದು ಆಗಷ್ಟೇ ನಿಂತಿದ್ದ ಗಾಡಿ. ಬಗ್ಗಿ ಮುಂದಿನ ಗಾಲಿಯ ಒಳಗೆ ಕೈಯಿಟ್ಟ. ಬ್ರೇಕಿನ ಬಿಲ್ಲೆ ಕಾದ ಕಾವಲಿಯಾಗಿತ್ತು. ಅಂಗೈ ಚುರ್ರೆಂದಿತು.

"ಎಂತಾಯ್ತು ಮಾಮ?"

ಆಗಲಾದರೂ ಹೇಳಬಹುದಿತ್ತು. ಸುಜನ ಬೆಲ್ಟು ಬಿಗಿದು ಕೂತಿದ್ದ, ಮುಖದಲ್ಲಿ ಹಬ್ಬದ ಕಳೆ. "ಏನಿಲ್ಲ, ಹೋಗು" ಅಂದ ಮುಂಡಪ್ಪಣ್ಣ. ಜೀವಮಾನದಲ್ಲಿ ಅಷ್ಟು ದೊಡ್ಡ ಸುಳ್ಳನ್ನು ಅಷ್ಟು ಸಣ್ಣ ಮಾತಿನಲ್ಲಿ ಅವನು ಹೇಳಿದ್ದೇ ಇಲ್ಲ.

ಹನ್ನೊಂದು ಗಾಡಿಗಳು ಕಿರುಚುತ್ತ ಹೊರಟವು. ಉದ್ದನೆಯ ನೇರ ರಸ್ತೆ, ಅದರ ಕೊನೆಗೆ ಬಲಕ್ಕೆ ಕಡಿದಾದ ತಿರುವು, ತಿರುವಿನಾಚೆ ಎರಡು ಸಾಲು ಹಳೆಯ ಟಯರು, ಅದರಾಚೆ ಆಳದ ಕಾಂಕ್ರೀಟು ನಾಲೆ. ಮುಂಡಪ್ಪಣ್ಣನ ಕಣ್ಣು ಆ ನಾಲೆಯನ್ನು ಬಿಟ್ಟು ಕದಲಲಿಲ್ಲ. ಕೈ ಉರಿಯುತ್ತಿತ್ತು. ಚೀಲದಿಂದ ಬಾಟಲಿ ತೆಗೆದು ಅಂಗೈಗೆ ಎಣ್ಣೆ ಸುರಿದುಕೊಂಡ.

ಪಕ್ಕದ ಡೇರೆಯಲ್ಲಿ ಬೇರೆ ಯಾರದೋ ಗಾಡಿಗೆ ಬಂದಿದ್ದ ಬಿಳಿಮೀಸೆಯ ಮನುಷ್ಯ ಇತ್ತ ತಿರುಗಿದ. ಹಿತೇಶ ಬೆಳಗ್ಗೆಯೇ ಪರಿಚಯ ಮಾಡಿಸಿದ್ದ. ಅವನೇ ಕಲ್ಯಾಣದ ಜಟ್ಟೆಪ್ಪ.

"ಏನ್ರೀ ಅಣ್ಣಾರ, ತೆಲಿಗೆ ಹಚ್ಚೋ ಎಣ್ಣಿ ಪಾನಾದ ಚೀಲದಾಗ ಇಟ್ಟೀರಿ?"

"ತಲೆಗಲ್ಲ ಇವರೇ, ರಬ್ಬರಿಗೆ. ಎರಡು ದಿನ ನೆನೆಹಾಕಿ ಕೂರಿಸಿದ್ರೆ ಆಯುಷ್ಯಪೂರ್ತಿ ಸೋರುದಿಲ್ಲ."

ಜಟ್ಟೆಪ್ಪನ ಮುಖದ ನಗು ಆರಿತು. "ಬ್ರೇಕಿನ ರಬ್ಬರೂ ಇದರಾಗ ನೆನಿ ಹಾಕೀರೇನ್ರಿ?"

ಮುಂಡಪ್ಪಣ್ಣ ಹೌದೆಂದು ತಲೆಯಾಡಿಸಿದ.

"ಅಯ್ಯ ಶಿವನ! ಆ ರಬ್ಬರಿಗೆ ಈ ಎಣ್ಣಿ ಆಗಂಗಿಲ್ರಿ. ಉಬ್ಬತೈತಿ. ಹಿಡದ ಬ್ರೇಕ್ ಬಿಡಂಗಿಲ್ಲ, ಗಾಲಿ ಕಾಯ್ತಾವ, ಒಳಗಿನ ಬ್ರೇಕ್ ಆಯಿಲ್ ಕುದಿಯಾಕ ಹತ್ತತೈತಿ. ಆಮ್ಯಾಲ ಪೆಡಲ್ ತುಳದ್ರ ನೆಲಕ್ಕ ಹೋಗತೈತಿ, ಗಾಡಿ ಮಾತ್ರ ನಿಂದ್ರಂಗಿಲ್ಲ. ಯಾರ ಅದಾರ ಅದರಾಗ?"

"ನನ್ನ ಅಳಿಯ" ಎಂದು ಹೇಳಿದ್ದು ಮುಂಡಪ್ಪಣ್ಣನಿಗೆ ನೆನಪಿಲ್ಲ. ಅವನು ಆಗಲೇ ಓಡುತ್ತಿದ್ದ. ಒಂದು ಚಪ್ಪಲಿ ಎಲ್ಲೋ ಕಳಚಿ ಬಿತ್ತು. ರೇಸು ನಡೆಸುವವರ ಮೇಜು ಇನ್ನೂರು ಹೆಜ್ಜೆ ದೂರ. ಆ ಇನ್ನೂರು ಹೆಜ್ಜೆಯಲ್ಲಿ ಅವನ ಕಣ್ಣ ಮುಂದಿದ್ದದ್ದು ಸುಜನನಲ್ಲ. ಶೀಳ್ ರಸ್ತೆಯಲ್ಲಿ ಬಿದ್ದಿದ್ದ ತಾರಾನಾಥನ ಸ್ಕೂಟರು, ಆಸ್ಪತ್ರೆಯ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದ ತಂಗಿ. ಆ ಟೆಂಪೋದ ಬ್ರೇಕು ಮಾಡಿದವನನ್ನು ಅವನು ಆಗ ಎಷ್ಟು ಶಪಿಸಿದ್ದ! ದೇವರೇ, ಈಗ ಆ ಮನುಷ್ಯ ತಾನೇ.

ಮೇಜಿನ ಹಿಂದೆ ಮಾನಸಿ ಎಂಬ ಹುಡುಗಿ ವಾಕಿಟಾಕಿ ಹಿಡಿದು ನಿಂತಿದ್ದಳು. ಬಾವುಟಗಳೆಲ್ಲ ಅವಳ ಮಾತಿನಂತೆ ಏಳುತ್ತಿದ್ದವು. "ಕೆಂಪು ಗಾಡಿ ನಿಲ್ಲಿಸಿ, ಬ್ರೇಕ್ ಸರಿ ಇಲ್ಲ" ಎಂದು ಮುಂಡಪ್ಪಣ್ಣ ಹರಕುಮುರುಕು ಮರಾಠಿಯಲ್ಲಿ ಏದುಸಿರು ಬಿಟ್ಟ.

ಅವಳು ಸಮಾಧಾನದಿಂದಲೇ ಹೇಳಿದಳು, ಪ್ರತಿ ರೇಸಿನಲ್ಲೂ ಯಾರಾದರೊಬ್ಬರ ಮನೆಯವರು ಹೆದರಿ ಹೀಗೆ ಓಡಿಬರುತ್ತಾರೆ, ಹೆದರಿಕೆಗೆಲ್ಲ ಬಾವುಟ ಎತ್ತಿದರೆ ರೇಸು ನಡೆಯುವುದಿಲ್ಲ ಎಂದು. ಆಮೇಲೆ ಕೇಳಿದಳು: "ಕಾಕಾ, ಬ್ರೇಕ್ ಕೋಣೀ ಕೇಲಾ?"

ಯಾರು ಮಾಡಿದ್ದು? ಸುತ್ತ ಇಪ್ಪತ್ತು ಜನ ಕೇಳುತ್ತಿದ್ದರು. ಇಬ್ಬರು ಅವನ ಗಿರಾಕಿಗಳೇ, ಠಾಣೆಯ ಹೋಟೆಲಿನವರು.

"ನಾನೇ" ಅಂದ ಮುಂಡಪ್ಪಣ್ಣ. "ತಪ್ಪು ಎಣ್ಣೆ ಹಾಕಿದ್ದೇನೆ. ನನಗೆ ಈ ಕೆಲಸ ಗೊತ್ತಿಲ್ಲ. ಗೊತ್ತಿಲ್ಲದೆ ಮಾಡಿದೆ."

ಮಾನಸಿ ಅವನ ಮುಖವನ್ನೊಮ್ಮೆ ನೋಡಿದಳು. ವಾಕಿಟಾಕಿಯಲ್ಲಿ ಎರಡೇ ಮಾತು. ಮೂಲೆಮೂಲೆಯಲ್ಲೂ ಕೆಂಪು ಬಾವುಟ ಎದ್ದಿತು.

ಹತ್ತು ಗಾಡಿಗಳು ನಿಧಾನವಾದವು. ನೇರ ರಸ್ತೆಯ ನಡುವಿನಲ್ಲಿದ್ದ ಕೆಂಪು ಕಾರೂ ವೇಗ ಇಳಿಸಿತು. ಸುಜನ ಬಾವುಟ ಕಂಡು ಕಾಲು ತೆಗೆದಿದ್ದ. ತಿರುವಿನ ಹತ್ತಿರ ಬಂದು ಬ್ರೇಕು ತುಳಿದನಿರಬೇಕು. ಕಾರು ನಿಲ್ಲಲಿಲ್ಲ. ಗೇರು ಇಳಿಸಿದ ಇಂಜಿನ್ನು ಹಂದಿ ಕೂಗಿದ ಹಾಗೆ ಕೂಗಿತು. ಮೊದಲ ಸಾಲು ಟಯರು ಹಾರಿತು. ಎರಡನೆಯ ಸಾಲು ಹಾರಿತು. ಧೂಳು ಎದ್ದು ಏನೂ ಕಾಣದೆ ಹೋಯಿತು. ಮುಂಡಪ್ಪಣ್ಣ ಕಣ್ಣು ಮುಚ್ಚಿ ಊರಿನ ದೈವಗಳನ್ನೆಲ್ಲ ಒಂದೇ ಉಸಿರಿಗೆ ಕರೆದ.

ಧೂಳು ಇಳಿದಾಗ ಕಾರಿನ ಒಂದು ಗಾಲಿ ನಾಲೆಯ ಮೇಲೆ ಗಾಳಿಯಲ್ಲಿತ್ತು. ಸುಜನ ತಾನೇ ಬೆಲ್ಟು ಬಿಚ್ಚಿ ಇಳಿದುಬಂದು ಟಯರೊಂದರ ಮೇಲೆ ಕೂತ. ತರಚು ಗಾಯವೂ ಇರಲಿಲ್ಲ. ಪೂರ್ತಿ ವೇಗದಲ್ಲಿ ಬಂದಿದ್ದರೆ ಏನಾಗುತ್ತಿತ್ತೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಮಾವ ಎಲ್ಲವನ್ನೂ ಹೇಳಿದ. ಸುಜನ ಹೆಲ್ಮೆಟ್ಟು ಕಳಚಿ ಮಡಿಲಲ್ಲಿಟ್ಟುಕೊಂಡ. "ಮಾಮ, ಮಮ್ಮಿಗೆ ಮಾತ್ರ ಹೇಳ್ಬೇಡಿ. ಬ್ರೇಕ್ ಫೇಲ್ ಅಂತ ಕೇಳಿದ್ರೆ ಅವಳು ಉಳಿಯೋದಿಲ್ಲ. ರೇಸ್ ಕ್ಯಾನ್ಸಲ್ ಆಯ್ತು ಅಂತ ಹೇಳೋಣ, ಬಸ್."

ಕಾರನ್ನು ಹಿತೇಶನಿಗೆ ಬಿಟ್ಟು ಇಬ್ಬರೂ ಲೋಕಲ್ಲಿನಲ್ಲಿ ಡೊಂಬಿವಲಿಗೆ ಬಂದಾಗ ಇನ್ನೂ ದೀಪ ಹಚ್ಚುವ ಹೊತ್ತು. ಬಾಗಿಲಲ್ಲೇ ನಿಂತಿದ್ದ ಜಯಲತಾ ಮಗನನ್ನು ತಲೆಯಿಂದ ಕಾಲಿನವರೆಗೆ ಕಣ್ಣಲ್ಲೇ ತಡವಿದಳು. ರೇಸು ಕ್ಯಾನ್ಸಲ್ ಎಂದು ಹೇಳಿ ಅವನು ಸ್ನಾನಕ್ಕೆ ಹೋದ. ಆಮೇಲೆ ಅವಳಿಗೆ ಅಣ್ಣನ ಕೈ ಕಂಡಿತು. ಬೊಬ್ಬೆ ಎದ್ದು ಅಂಗೈ ಕೆಂಪಗಾಗಿತ್ತು. "ಅಯ್ಯೋ, ಇದೆಂತ ಮಾಡಿಕೊಂಡದ್ದು?" ಎಂದು ಕೂರಿಸಿ, ಒಳಗಿಂದ ತೆಂಗಿನೆಣ್ಣೆ ತಂದು ಬೆರಳ ತುದಿಯಲ್ಲಿ ಮೆಲ್ಲ ಹಚ್ಚತೊಡಗಿದಳು.

"ನಿನ್ನೆಯಿಂದ ನನ್ನ ಜೀವದಲ್ಲಿ ಜೀವ ಇರ್ಲಿಲ್ಲ ಅಣ್ಣ" ಅಂದಳು. "ಮಧ್ಯಾಹ್ನ ಊಟದ ಬಟ್ಟಲಿನ ಮುಂದೆ ಕೂತು ಎದ್ದೆ, ಕೂತು ಎದ್ದೆ. ಕೊನೆಗೆ ಮನಸ್ಸಿಗೆ ಹೇಳಿಕೊಂಡೆ, ಬ್ರೇಕ್ ಮಾಡಿದ್ದು ಅಣ್ಣ ಅಲ್ವಾ ಅಂತ. ಆಮೇಲೆ ಎರಡು ತುತ್ತು ಇಳೀತು."

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುಜನನೂ ಅದನ್ನೇ ಬೇಡಿದ್ದ. ಮುಂಡಪ್ಪಣ್ಣನಿಗೆ ನಾಲೆಯ ಅಂಚಿನಲ್ಲಿ ಆದದ್ದಕ್ಕಿಂತ ಹೆಚ್ಚು ಹೆದರಿಕೆ ಈಗ ಆಯಿತು. ಆದರೂ ಹೇಳಿದ. ಬಟ್ಟಲು, ರಬ್ಬರು, ಎಣ್ಣೆ, ಗಾಳಿಯಲ್ಲಿದ್ದ ಗಾಲಿ, ಒಂದನ್ನೂ ಬಿಡಲಿಲ್ಲ.

ಜಯಲತಾಳ ಬೆರಳು ನಿಂತಿತು. ಬಚ್ಚಲಿನಲ್ಲಿ ಸುಜನ ನೀರು ಸುರಿದುಕೊಳ್ಳುವ ಸದ್ದು ಕೇಳುತ್ತಿತ್ತು. ಅವಳು ಆ ಸದ್ದಿಗೇ ಕಿವಿಗೊಟ್ಟು ಕೂತಳು.

"ಗೊತ್ತಿಲ್ಲ ಅಂತ ಅವತ್ತೇ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ನೀನು ಅವನನ್ನು ಕಳಿಸ್ತಿರ್ಲಿಲ್ಲ."

"ಹೌದು. ಕಳಿಸ್ತಿರ್ಲಿಲ್ಲ."

ಅವಳು ಅಣ್ಣನ ಅಂಗೈಯನ್ನು ನೋಡಿದಳು, ತನ್ನ ಬೆರಳಿಗಂಟಿದ ಎಣ್ಣೆಯನ್ನು ನೋಡಿದಳು. ಕಣ್ಣಲ್ಲಿ ನೀರಿತ್ತು, ಸ್ವರ ಮಾತ್ರ ಗಟ್ಟಿಯಿತ್ತು. "ಸುಟ್ಟ ಗಾಯಕ್ಕೆ ಇದು ಆಗ್ತದಾ? ಅದಾದರೂ ಗೊತ್ತುಂಟಾ ನಿನಗೆ?"

ಚಿಕ್ಕಂದಿನಿಂದ ಹಚ್ಚಿಕೊಂಡು ಬಂದ ಎಣ್ಣೆ. ಮುಂಡಪ್ಪಣ್ಣ ಯೋಚಿಸಿದ.

"ಗೊತ್ತಿಲ್ಲ" ಅಂದ.

ಜಯಲತಾ ಬಾಟಲಿಯ ಮುಚ್ಚಳ ಹಾಕಿದಳು. ಸೆರಗಿನ ತುದಿಯಿಂದ ಅವನ ಅಂಗೈಯ ಎಣ್ಣೆಯನ್ನು ನೋವಾಗದ ಹಾಗೆ ಒರೆಸಿದಳು.

"ಹಾಗಾದರೆ ಏಳು" ಅಂದಳು. "ಗೊತ್ತಿದ್ದವರ ಹತ್ತಿರ ಹೋಗುವ."