ಸ್ಕಾಟ್ಲೆಂಡಿನ ಮದುಮಗಳಿಗಾಗಿ ಉಷಾ ಮಾಡಿದ ಜಗಳ

ಲಂಡನ್ನಿನ ರೇನರ್ಸ್ ಲೇನಿನ ಉಷಾ ಅವರಿಗೆ ಸಿಟ್ಟು ಬರುವುದು ಅಪರೂಪ. ಇಪ್ಪತ್ತೊಂಬತ್ತು ವರ್ಷ ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ಮಾಡಿ, ಕಿಟಕಿಯಾಚೆ ನಿಂತು ಕೂಗಾಡುವವರಿಗೂ ತಣ್ಣಗೆ ಮಾತ್ರೆ ಎಣಿಸಿಕೊಟ್ಟು ನಿವೃತ್ತರಾದವರು. ಅಂಥವರು ಕಳೆದ ಮಾರ್ಚಿನಲ್ಲಿ ಲೈಬ್ರರಿಯ ಸಭೆಯಲ್ಲಿ ಮಾಡಿದ್ದು ಅತಿಯಾಯಿತು ಎಂದು ನಮ್ಮ ಕನ್ನಡ ಬಳಗದ ಕೆಲವರು ಅಂದರು. ನನಗಂತೂ ಹಾಗನ್ನಿಸಲಿಲ್ಲ. ಯಾಕೆಂದು ಹೇಳಲು ಧಾರವಾಡದಿಂದಲೇ ಶುರು ಮಾಡಬೇಕು.

ಅವರ ತಂದೆ ಮತ್ತು ಇನ್ನೊಬ್ಬ ಡಾಕ್ಟರು ಕೂಡಿ ಅಲ್ಲೊಂದು ನರ್ಸಿಂಗ್ ಹೋಮ್ ತೆರೆದಿದ್ದರು. ಬೋರ್ಡಿನ ಮೇಲೆ ಯಾರ ಹೆಸರು ಮೊದಲು ಎಂಬಲ್ಲಿ ಹುಟ್ಟಿದ ಜಗಳ ಕೋರ್ಟಿನಲ್ಲಿ ಹತ್ತೊಂಬತ್ತು ವರ್ಷ ನಡೆಯಿತು. ಒಂದು ಮನೆಯಲ್ಲಿ ಸಾವಾದರೆ ಇನ್ನೊಂದು ಮನೆಯವರು ಮಣ್ಣಿಗೂ ಹೋಗುತ್ತಿರಲಿಲ್ಲ. ಕಡೆಗೆ ದಣಿದ ಹಿರಿಯರು ಕೂತು ಒಂದು ದಾರಿ ಕಂಡುಕೊಂಡರು: ಈ ಮನೆಯ ಮಗಳನ್ನು ಆ ಮನೆಯ ಮಗನಿಗೆ ಕೊಟ್ಟುಬಿಡುವುದು. ಮಗಳು ಆಗ ಫಾರ್ಮಸಿ ಓದುತ್ತಿದ್ದಳು. ಅವಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಮದುವೆಯ ದಿನವೂ ಬೀಗರು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಲಿಲ್ಲ.

ಗಂಡ ಉದಯಶಂಕರ್ ಕೂಡ ಡಾಕ್ಟರು. ಕೆಲಸ ಸಿಕ್ಕಿ ಇಬ್ಬರೂ ಲಂಡನ್ನಿಗೆ ಬಂದರು. ಹೌನ್ಸ್ಲೋದ ಸಣ್ಣ ಫ್ಲ್ಯಾಟಿನಲ್ಲಿ ಎರಡು ವರ್ಷ ಅವರ ನಡುವೆ ಹಾಲು ಮುಗಿದಿದೆ, ಬಸ್ಸು ತಡವಾಗಿದೆ ಎಂಬಷ್ಟೇ ಮಾತು. ಆಮೇಲೆ ಉಷಾ ಅವರ ತಮ್ಮನ ಮದುವೆ ಬಂತು. ಮಾವ ಫೋನು ಮಾಡಿ, ಆಮಂತ್ರಣದಲ್ಲಿ ತಮ್ಮ ಹೆಸರಿಲ್ಲ, ಸೊಸೆ ತವರಿಗೆ ಹೋಗಕೂಡದು ಎಂದರು. ಉಷಾ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದವರು ಕೈ ನಿಲ್ಲಿಸಿ ಕೇಳಿಸಿಕೊಂಡರು. ಉದಯಶಂಕರ್ ದನಿ ಏರಿಸಲಿಲ್ಲ.

"ಆಕಿ ಹೋಗ್ತಾಳ, ನಾನೂ ಹೋಗ್ತೀನಿ. ನಿಮ್ಮ ಜಗಳಾ ನಿಮ್ಮ ಕಡೀನ ಇರ್ಲಿ, ಅಪ್ಪಾ."

ತಮ್ಮಿಬ್ಬರ ಮದುವೆ ನಿಜವಾಗಿ ಆದದ್ದು ಅವತ್ತೇ ಎಂದು ಉಷಾ ನನಗೆ ಒಮ್ಮೆ ಹೇಳಿದ್ದುಂಟು.

ನಿವೃತ್ತಿಯಾದ ಬೇಸಿಗೆಯಲ್ಲಿ ಗಂಡಹೆಂಡತಿ ಪ್ರವಾಸಿ ಬಸ್ಸಿನಲ್ಲಿ ಸ್ಕಾಟ್ಲೆಂಡ್ ನೋಡಲು ಹೋದರು. ಒಂದು ಪಾಳುಬಿದ್ದ ಕೋಟೆಯಲ್ಲಿ ಗೈಡು ವಿವರಿಸಿದ: ಇಲ್ಲಿ ಎರಡು ಕುಲಗಳು ಮೂರು ತಲೆಮಾರು ಕಡಿದಾಡಿದವು, ಕೊನೆಗೆ ಒಂದು ಕಡೆಯ ಹುಡುಗಿಯನ್ನು ಇನ್ನೊಂದು ಕಡೆಗೆ ಮದುವೆ ಮಾಡಿಕೊಟ್ಟು ಸಂಧಿ ಮಾಡಿಕೊಂಡವು. ನಾಯಕರ ಹೆಸರು, ಕತ್ತಿಗಳ ಹೆಸರು, ಒಂದು ಕುದುರೆಯ ಹೆಸರು ಕೂಡ ಅವನಿಗೆ ಬಾಯಿಪಾಠ. ಹುಡುಗಿಯ ಹೆಸರೇನು ಎಂದು ಉಷಾ ಕೇಳಿದರು. ದಾಖಲೆಯಲ್ಲಿ 'ಮಗಳು' ಎಂದಷ್ಟೇ ಇದೆ ಎಂದ.

ಉಷಾ ಅವರಿಗೆ ಮೈ ಉರಿಯಿತು. ಕುದುರೆಗೆ ಹೆಸರಿದೆ, ಇವಳಿಗಿಲ್ಲ.

ಲಂಡನ್ನಿಗೆ ಮರಳಿದ ವಾರವೇ ಅವಳಿಗೆ ಮೋರಾಗ್ ಎಂದು ಹೆಸರಿಟ್ಟು ಇಂಗ್ಲಿಷಿನಲ್ಲಿ ಕಾದಂಬರಿ ಶುರು ಮಾಡಿದರು. ಕೌನ್ಸಿಲ್ ಲೈಬ್ರರಿಯಲ್ಲಿ ಮಂಗಳವಾರದ ಬರವಣಿಗೆ ಕ್ಲಾಸಿಗೂ ಸೇರಿದರು. ಮೊದಲ ಅಧ್ಯಾಯದಲ್ಲಿ ಮೋರಾಗ್ ಗಂಡನ ಮನೆಯ ಮೇಜಿನ ಮುಂದೆ ಕೂತಿದ್ದಾಳೆ. ಎದುರಿಗಿರುವವನು ಅವಳ ಅಣ್ಣನನ್ನು ಕೊಂದವನು. ಅವನು ರೊಟ್ಟಿ ಕೇಳುತ್ತಾನೆ, ಅವಳು ದಾಟಿಸುತ್ತಾಳೆ. ಉದಯಶಂಕರ್ ಅದನ್ನು ಎರಡು ಸಲ ಓದಿದರಂತೆ.

ಕ್ಲಾಸಿನ ಟೀಚರು ಫಿಲಿಪ್ಪಾಗೆ ಮಾತ್ರ ಸಮಾಧಾನವಿಲ್ಲ. ಭಾಷೆ ಚೆನ್ನಾಗಿದೆ, ಆದರೆ ನಿಮ್ಮ ಅನುಭವ ಬರೆಯಿರಿ, ನಿಮ್ಮ ಇಂಡಿಯಾ ಬರೆಯಿರಿ ಎಂದು ವಾರವಾರವೂ ಅವರ ವರಾತ. ಇದು ನನ್ನದೇ ಅನುಭವ ಎಂದು ಉಷಾ ಹೇಳಿದರೆ ಆಕೆ ಮುಗುಳ್ನಗುತ್ತಿದ್ದರು. ಅದೇ ಕ್ಲಾಸಿನಲ್ಲಿ ಪಕ್ಕದ ಬಡಾವಣೆಯಾದ ಪಿನ್ನರ್‌ನ ನಿವೃತ್ತ ಮೇಷ್ಟ್ರೊಬ್ಬರು ಮೊಘಲರ ಜನಾನಾದ ಬಗ್ಗೆ ಬರೆಯುತ್ತಿದ್ದರು. ಅವರು ಇಂಡಿಯಾ ನೋಡಿಯೇ ಇರಲಿಲ್ಲ. ಅವರ ಕಲ್ಪನಾಶಕ್ತಿ ದೊಡ್ಡದೆಂದು ಟೀಚರು ಹೊಗಳುತ್ತಿದ್ದರು. ಪಿನ್ನರ್‌ನವರಿಗೆ ಕಲ್ಪನೆ, ಧಾರವಾಡದವರಿಗೆ ಬರೀ ಅನುಭವ: ಈ ಪಾಲು ಮಾಡಿದವರು ಯಾರು?

ಮಾರ್ಚಿನಲ್ಲಿ, ಕ್ಲಾಸಿನ ವರ್ಷದ ಕೊನೆಗೆ, ಎಲ್ಲರ ಬರಹ ಸೇರಿಸಿ ಒಂದು ಪುಸ್ತಕ ತಂದರು. ಬಿಡುಗಡೆಯ ದಿನ ಲೈಬ್ರರಿಯಲ್ಲಿ ಐವತ್ತು ಜನ. ಉಷಾ ಗಂಡನ ಪಕ್ಕ ಕೂತು ತಮ್ಮ ಪುಟ ತೆರೆದರು. ಮೋರಾಗ್ ಇರಲಿಲ್ಲ. ಅವಳ ಜಾಗದಲ್ಲಿ ಮೀರಾ ಎಂಬ ರಜಪೂತ ಹುಡುಗಿ, ಕೋಟೆಯ ಜಾಗದಲ್ಲಿ ಅರಮನೆ, ಮಂಜಿನ ಜಾಗದಲ್ಲಿ ಮರಳು. ಕೆಳಗೆ ಉಷಾ ಅವರ ಹೆಸರು. ಓದುಗರಿಗೆ ಹತ್ತಿರವಾಗಲೆಂದು ಸ್ವಲ್ಪ ತಿದ್ದಿದೆ, ಹೇಳಲು ಸಮಯ ಸಿಗಲಿಲ್ಲ ಎಂದು ಫಿಲಿಪ್ಪಾ ಬಗ್ಗಿ ಪಿಸುಗುಟ್ಟಿದರು.

ಉದಯಶಂಕರ್ ಹೆಂಡತಿಯ ಮುಖ ನೋಡಿ, "ಮನೀಗೆ ಹೋಗೂಣೇನು?" ಎಂದರು.

"ಇಲ್ರೀ. ಒಮ್ಮೆ ನನ್ನ ಕೇಳದ ಎಲ್ಲಾ ಮಾಡಿದ್ರು, ಸುಮ್ನ ಇದ್ದೆ. ಎರಡನೇ ಸಲಾ ಇರಾಂಗಿಲ್ಲ."

ತಮ್ಮ ಸರದಿ ಬಂದಾಗ ಅವರು ವೇದಿಕೆ ಹತ್ತಿ, ಪುಸ್ತಕವನ್ನು ಮುಚ್ಚಿ ಮೇಜಿನ ಮೇಲಿಟ್ಟರು. ಇದರಲ್ಲಿರುವ ಕತೆ ನನ್ನದಲ್ಲ, ನನ್ನ ಹೆಸರನ್ನು ಮಾತ್ರ ಇದಕ್ಕೆ ಅಂಟಿಸಿದ್ದಾರೆ ಎಂದರು. ಫೋನಿನಲ್ಲಿದ್ದ ಮೂಲ ಬರಹವನ್ನು ತೆರೆದು, ಕೊಟ್ಟ ಐದು ನಿಮಿಷ ಮೀರಿ, ಪೂರ್ತಿ ಓದಿದರು. ನಡುವೆ ಫಿಲಿಪ್ಪಾ ಎದ್ದು ಗಡಿಯಾರ ತೋರಿಸಿದರು. ಉಷಾ ಓದುತ್ತಲೇ ಇದ್ದರು.

ಮುಗಿದ ಮೇಲೆ ಪಿನ್ನರ್‌ನ ಮೇಷ್ಟ್ರೇ ಮೊದಲು ಎದ್ದು, ಕೇಳದೆ ತಿದ್ದಿದ್ದು ತಪ್ಪು, ಈ ಪುಸ್ತಕವನ್ನು ಹೀಗೇ ಹಂಚುವುದಾದರೆ ನನ್ನ ಬರಹ ತೆಗೆದುಹಾಕಿ ಎಂದರು. ಇನ್ನಿಬ್ಬರು ದನಿಗೂಡಿಸಿದರು. ಎರಡು ತಿಂಗಳ ಮೇಲೆ ಮೋರಾಗ್ ಇರುವ ಹೊಸ ಪ್ರತಿಗಳು ಬಂದವು. ಜೊತೆಗೆ ಫಿಲಿಪ್ಪಾ ಅವರ ಪತ್ರ: ನಿಮಗೆ ನೋವಾಗಿದ್ದರೆ ಕ್ಷಮಿಸಿ. ಉಷಾ ಆ 'ಆಗಿದ್ದರೆ'ಗೆ ಬಳಸಿದ್ದ 'ಇಫ್' ಪದವನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ ಪತ್ರವನ್ನು ಹಿಂದಕ್ಕೆ ಕಳಿಸಿದರು.

ಕ್ಲಾಸಿಗೆ ಅವರು ಮತ್ತೆ ಹೋಗಿಲ್ಲ. ಆದರೆ ಮಂಗಳವಾರ ಅದೇ ಲೈಬ್ರರಿಗೆ ಹೋಗುತ್ತಾರೆ. ಕೆಳಗೆ ಕ್ಲಾಸು ನಡೆಯುವಾಗ ಮೇಲಿನ ಓದುಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂರುತ್ತಾರೆ. ಈಗ ಹದಿನಾಲ್ಕನೆಯ ಅಧ್ಯಾಯ ನಡೆದಿದೆಯಂತೆ.