ತಪ್ಪು ಹೊಸ ಅಚ್ಚಿನದಲ್ಲ

ಹಿಂದೂಪುರದಿಂದ ಕಲ್ಯಾಣದುರ್ಗದವರೆಗಿನ ಈ ಸೀಮೆಯಲ್ಲಿ, ಕೀಲಿ ಕೊಟ್ಟು ನಡೆಸುವ ಕೈಗಡಿಯಾರವನ್ನು ಬಿಚ್ಚಿ, ತಿರುಗಿ ಜೋಡಿಸಿ, ಜೀವ ಉಳಿಸಿ ಕೊಡುವವರು ಎಂದರೆ ಮೊದಲು ನೆನಪಾಗುವ ಹೆಸರು ಶ್ರೀ ಕೇಶವಯ್ಯನವರದು. ಹಿಂದೂಪುರದ ಹುಣಸೆಮಂಡಿ ಬೀದಿಯಲ್ಲಿ ನಲವತ್ತೆರಡು ವರ್ಷ ಒಂದೇ ಮೇಜಿನ ಮುಂದೆ ಕುಳಿತವರು, ಎಪ್ಪತ್ತು ತುಂಬಿದ ಈ 1996ರಲ್ಲಿ ಅಂಗಡಿಯ ಕೆಲಸದಿಂದ ಬಿಡುವು ಪಡೆಯುತ್ತಿದ್ದಾರೆ. ಬೀಳ್ಕೊಡುಗೆಯ ಪುಸ್ತಕಕ್ಕೆ ಅವರ ಬಗ್ಗೆ ಬರೆದುಕೊಡಿ ಎಂದು ನಮ್ಮ ರಿಪೇರಿ ಬಳಗದವರು ಕೇಳಿದಾಗ ಹಿಂಜರಿದೆ. ನಾನು ನಾಲ್ಕನೇ ತರಗತಿಯಾಚೆಗೆ ಓದಿದವನಲ್ಲ. ಆದರೆ ಅವರಿಂದ ಪಡೆದುದನ್ನು ಹೇಳದೆ ಇರಲಾರೆ.

1971ರಲ್ಲಿ, ಮೂವತ್ತೈದು ದಾಟಿದ ಮೇಲೆ, ಮಗ್ಗ ಬಿಟ್ಟು ಈ ವಿದ್ಯೆ ಕಲಿಯಲು ಹೊರಟೆ. ಇಷ್ಟು ವಯಸ್ಸಾದವನ ಬೆರಳು ಬಗ್ಗುವುದಿಲ್ಲವೆಂದು ಬೇರೆ ಅಂಗಡಿಯವರು ಹಿಂದಕ್ಕೆ ಕಳುಹಿಸಿಬಿಟ್ಟರು. ಕೇಶವಯ್ಯನವರು ನನ್ನ ಕೈ ಹಿಡಿದು ನೋಡಿ, "ಕಡಿದೋದ ರೇಷ್ಮೆ ಎಳೆ ಗಂಟಾಕಿರೋ ಬೆರಳು ಕಣಪ್ಪ ಇವು, ಕೂತ್ಕೋ" ಎಂದರು. ಎರಡು ವರ್ಷ ಕಲಿಸಿದರು. ಅವರ ಮನೆಯಿಂದ ಬರುತ್ತಿದ್ದ ಮುದ್ದೆಯಲ್ಲಿ ದಿನವೂ ನನಗೊಂದು ಪಾಲಿತ್ತು. ಅವರ ಅಂಗಡಿಯಲ್ಲಿ ಒಂದು ಕಟ್ಟಳೆಯಿತ್ತು: ಹೊಸ ಭಾಗ ಕೂತು ನಡೆಯುವವರೆಗೆ ಹಳೆಯದನ್ನು ಬಿಸಾಡಬಾರದು, ಬಿಳಿ ಪಿಂಗಾಣಿ ಬಟ್ಟಲಲ್ಲಿ ಅದು ಕಣ್ಣೆದುರೇ ಇರಬೇಕು. ಕಲ್ಯಾಣದುರ್ಗದ ಬಸ್ ಸ್ಟ್ಯಾಂಡ್ ಬಳಿ ಸ್ವಂತ ಮೇಜು ಹಾಕಿಕೊಂಡ ಮೇಲೆ ನಾನು ಅದನ್ನೇ ಮರೆತೆ.

1979ರಲ್ಲಿ ಆಸ್ಪತ್ರೆಯ ನರ್ಸ್ ಮುನಿಯಕ್ಕನವರ ಗಡಿಯಾರ ಕೆಳಗೆ ಬಿದ್ದು, ಹಿಂದಕ್ಕೂ ಮುಂದಕ್ಕೂ ತೂಗುವ ಬ್ಯಾಲೆನ್ಸ್ ಚಕ್ರದ ಅಚ್ಚು ಮುರಿದಿತ್ತು. ಕೂದಲಿನಂಥ ಅದರ ಎರಡು ತುದಿಗಳು, ಮೇಲೊಂದು ಕೆಳಗೊಂದು, ಕೆಂಪು ಕಲ್ಲಿನ ತೂತಿನಲ್ಲಿ ನಿಂತು ತಿರುಗಬೇಕು. ಹಳೆಯದನ್ನು ಎಸೆದು ಹೊಸ ಅಚ್ಚು ಹಾಕಿದೆ. ಚಕ್ರವನ್ನು ಮೇಲಿನಿಂದ ಹಿಡಿದಿಡುವ ಪಟ್ಟಿ, ಅಂದರೆ ಬ್ರಿಡ್ಜ್, ಬಿಗಿದರೆ ಚಕ್ರ ಹಿಡಿದುಕೊಳ್ಳುತ್ತಿತ್ತು. ಅಚ್ಚು ಉದ್ದವಾಯಿತೆಂದು ತಿಳಿದು, ಬ್ರಿಡ್ಜಿನ ಅಡಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿಕಾಗದದ ಚೂರು ಕೊಟ್ಟು ಎತ್ತರಿಸಿದೆ. ಮೇಜಿನ ಮೇಲೆ ಚೆನ್ನಾಗಿಯೇ ನಡೆಯಿತು. ನಾಲ್ಕನೇ ದಿನ ಮುನಿಯಕ್ಕ ಬಂದು, ಜನರೆದುರೇ ಗಡಿಯಾರವನ್ನು ನನ್ನ ಮುಂದಿಟ್ಟರು.

"ಏನಪ್ಪಾ ತೋಟಪ್ಪ, ಬಾಣಂತಿ ಕೈ ಹಿಡ್ಕೊಂಡು ನಾಡಿ ಎಣಿಸ್ತಾ ಇದೀನಿ, ಸೆಕೆಂಡ್ ಮುಳ್ಳು ನಿಂತೋಯ್ತು! ನಾನು ಯಾವ್ದನ್ನ ನಂಬ್ಲಿ? ಸೋಮವಾರಕ್ಕೆ ಸರಿಯಾಗ್ಲಿಲ್ಲ ಅಂದ್ರೆ ಈ ಬೋರ್ಡ್ ಇಳಿಸ್ಬುಡು."

ಇದೊಂದು ಸರಿಹೋಗದಿದ್ದರೆ ಮೇಜು ಎತ್ತಿ ಮಗ್ಗಕ್ಕೆ ಮರಳುವುದೆಂದು ನಾನೂ ತೀರ್ಮಾನಿಸಿದೆ. ಭಾನುವಾರ ಬೆಳಗಿನ ಬಸ್ಸಿಗೆ ಹಿಂದೂಪುರಕ್ಕೆ ಹೋದೆ.

ಕೇಶವಯ್ಯನವರು ಗಡಿಯಾರ ಬಿಚ್ಚಿ, ಚಿಮಟದಿಂದ ಬೆಳ್ಳಿಕಾಗದವನ್ನು ಎತ್ತಿ ಹಿಡಿದರು.

"ಸಿಗರೇಟ್ ಯಾವಾಗ ಕಲಿತೆ ತೋಟಪ್ಪ?"

"ನಾನು ಸೇದಲ್ಲ ಅಣ್ಣಾ."

"ಮತ್ತೆ ಗಡಿಯಾರಕ್ಕ್ಯಾಕೆ ಕಲಿಸ್ದೆ? ಹಳೇ ಅಚ್ಚೆಲ್ಲಿ?"

"ಬಿಸಾಕ್ಬುಟ್ಟೆ ಅಣ್ಣಾ."

ಅವರು ಬೈಯಲಿಲ್ಲ. ಚಕ್ರ ತೆಗೆದು, ಕೆಳಗಿನ ಕಲ್ಲನ್ನು ಬಿಡಿಸಿ, ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ತೂತಿನೊಳಗಿಂದ ಬೆಳಕು ಬರಬೇಕಿತ್ತು, ಬರಲಿಲ್ಲ. ಚೂಪು ಮಾಡಿದ ಬಿದಿರುಕಡ್ಡಿಯಿಂದ ಮೆಲ್ಲಗೆ ಒತ್ತಿದರು. ಬಿಳಿ ಕಾಗದದ ಮೇಲೆ ಧೂಳಿನ ಕಣದಂಥದ್ದೊಂದು ಬಿತ್ತು. ಅದು ಹಳೆಯ ಅಚ್ಚಿನ ಮುರಿದ ತುದಿ! ತೂತಿನಲ್ಲೇ ಉಳಿದಿತ್ತು, ಹೊಸ ಅಚ್ಚು ಪಾಪ, ಅದರ ತಲೆಯ ಮೇಲೆ ಹತ್ತಿ ನಿಂತಿತ್ತು. ಹಳೆಯದನ್ನು ಬಟ್ಟಲಲ್ಲಿ ಇಟ್ಟಿದ್ದರೆ ಅದಕ್ಕೊಂದು ತುದಿಯಿಲ್ಲವೆಂಬುದು ಅಂದೇ ಕಾಣುತ್ತಿತ್ತು. ನಾನು ಬಿಸಾಡಿದ ಅಚ್ಚನ್ನು ನೋಡದೆಯೇ ಅವರ ಕಣ್ಣು ನೇರವಾಗಿ ಅದರ ತುದಿ ಇದ್ದಲ್ಲಿಗೇ ಹೋಗಿತ್ತು.

"ಕಾಲಾಗೆ ಮುಳ್ಳಿಟ್ಕೊಂಡು ಎಕ್ಕಡ ಸಣ್ಣದಾಯ್ತು ಅಂದಂಗಾಯ್ತು ನಿಂದು," ಎಂದು ನಕ್ಕು, ತಮ್ಮ ಜಾಗದಿಂದ ಎದ್ದರು. "ಕೂತ್ಕೋ. ಜೋಡ್ಸು."

"ನೀವೇ ಮಾಡ್ಕೊಡಿ ಅಣ್ಣಾ, ನಾಳೆನೇ ಸೋಮವಾರ."

"ನಾನು ಮಾಡಿದ್ರೆ ಗಡಿಯಾರ ಸರಿಹೋಯ್ತದೆ, ನೀನು ಸರಿಹೋಗಲ್ಲ."

ಆ ಮಧ್ಯಾಹ್ನವೆಲ್ಲ ಅವರು ಪಕ್ಕದಲ್ಲಿ ನಿಂತೇ ಇದ್ದರು. ಬಂದ ಗಿರಾಕಿಗಳನ್ನೂ ನಿಂತೇ ಮಾತಾಡಿಸಿದರು. ಅದೇ ಹೊಸ ಅಚ್ಚು, ಕಾಗದವಿಲ್ಲದೆ, ಬ್ರಿಡ್ಜ್ ಪೂರಾ ಬಿಗಿದರೂ ಹಗುರವಾಗಿ ತೂಗಿತು.

ಸೋಮವಾರ ಮುನಿಯಕ್ಕನಿಗೆ ನನ್ನ ತಪ್ಪನ್ನು ಮುಚ್ಚದೆ ಹೇಳಿ ಗಡಿಯಾರ ಕೊಟ್ಟೆ. ಅವರು ಅದನ್ನು ಕಟ್ಟಿಕೊಂಡು ನನ್ನ ಮಣಿಕಟ್ಟು ಹಿಡಿದು, ಗಡಿಯಾರವಿದ್ದ ತಮ್ಮ ಕೈಯನ್ನು ಅತ್ತ ಇತ್ತ ತಿರುಗಿಸುತ್ತ, ಪೂರಾ ಒಂದು ನಿಮಿಷ ನಾಡಿ ಎಣಿಸಿದರು. ಜೀಪಿಗೆ ಕಾದಿದ್ದವರೆಲ್ಲ ಸುತ್ತ ಸೇರಿದ್ದರು.

"ನೂರಾ ಎಂಟು! ಗಡಿಯಾರ ಸರಿಯಾಗೈತೆ ಕಣಪ್ಪ, ನೀನೇ ಜೋರಾಗಿ ಓಡ್ತಿದ್ದೀಯ."

ಬೋರ್ಡ್ ಇಳಿಯಲಿಲ್ಲ. ಹದಿನೇಳು ವರ್ಷದಿಂದ ನನ್ನ ಮನೆಯ ಒಲೆ ಅದೇ ಬೋರ್ಡಿನ ಕೆಳಗಿನ ದುಡಿಮೆಯಿಂದ ಉರಿಯುತ್ತಿದೆ. ಅಂದು ಅವರೇ ಜೋಡಿಸಿ ಕೊಟ್ಟಿದ್ದರೆ ನಾನು ಕೃತಜ್ಞತೆಯಿಂದ ಮಗ್ಗಕ್ಕೆ ಹೋಗುತ್ತಿದ್ದೆನೇ ಹೊರತು ಇಂದು ಈ ಪುಸ್ತಕದಲ್ಲಿ ಬರೆಯುತ್ತಿರಲಿಲ್ಲ.

ಪೂಜ್ಯ ಕೇಶವಯ್ಯನವರು ನೂರು ವರ್ಷ ಕಣ್ಣು ಮಂಜಾಗದೆ ಬಾಳಲಿ. ಅಂಗಡಿಗೆ ಬೀಗ ಹಾಕಿದರೂ ಮನೆಯ ಬಾಗಿಲು ನಮ್ಮಂಥವರಿಗೆ ತೆರೆದಿರಲಿ. ಏಕೆಂದರೆ ಅಣ್ಣಾ, ಯಾವ ಸ್ಪ್ರಿಂಗ್ ಹಾಕಿದರೂ ಒಪ್ಪದ ಗಡಿಯಾರವೊಂದು ನನ್ನ ಮೇಜಿನ ಮೇಲಿದೆ. ಬರುವ ಭಾನುವಾರ ತರುತ್ತಿದ್ದೇನೆ.

— ತೋಟಪ್ಪ, ಕಲ್ಯಾಣದುರ್ಗ